ಹುಟ್ಟಿನ ಪಾಲೆಷ್ಟು, ಊರಿನ ಪಾಲೆಷ್ಟು?

ನಾಗಪುರದ ಸೀತಾಬರ್ಡಿಯ ಮೇನ್ ರೋಡಿನಲ್ಲಿ ಮಗುವಿಗೆ ಬಟ್ಟೆಯನ್ನೋ ಆಟಿಕೆಯನ್ನೋ ಕೊಳ್ಳಲು ಹೋದವರಿಗೆ ಅಂಗಡಿಯಲ್ಲಿ ಎದುರಾಗುವ ಮೊದಲ ಪ್ರಶ್ನೆ, ಮಗು ಗಂಡೋ ಹೆಣ್ಣೋ ಎಂಬುದು. ಎಷ್ಟು ತಿಂಗಳು ಎಂದು ಕೇಳುವುದು ಆಮೇಲೆ. ಉತ್ತರ ಸಿಕ್ಕ ಕೂಡಲೇ ಒಂದು ಕಪಾಟಿನಿಂದ ಕಾರು, ಬ್ಯಾಟು, ಬಂದೂಕು ಇಳಿಯುತ್ತವೆ. ಇನ್ನೊಂದರಿಂದ ಗೊಂಬೆ, ಅಡುಗೆ ಸೆಟ್ಟು, ಬಳೆ. ಬೆಂಗಳೂರಿನ ಚಿಕ್ಕಪೇಟೆಯಲ್ಲೂ ಹುಬ್ಬಳ್ಳಿಯ ದುರ್ಗದಬೈಲಿನಲ್ಲೂ ಇದು ಬೇರೆ ಇರಲಾರದು. ಕೆಳಗಿನ ಮಾತುಕತೆಯ ಇಬ್ಬರೂ ಆ ಪ್ರಶ್ನೆಯನ್ನು ಎದುರಿಟ್ಟುಕೊಂಡು ವಾದಿಸುವವರು. ಒಬ್ಬರು ಬೆಳಗಾವಿ ಕಡೆಯಿಂದ ಮದುವೆಯಾಗಿ ನಾಗಪುರಕ್ಕೆ ಬಂದು, ಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತರಾದ ಅತ್ತೆ. ಇನ್ನೊಬ್ಬ ಅವರ ಅಣ್ಣನ ಮಗ, ಮಕ್ಕಳ ವೈದ್ಯನಾಗಲು ಓದುತ್ತಿರುವವ. ಹಿರಿಯರು ಹುಟ್ಟುಗುಣ ಎನ್ನುವುದು, ಕಿರಿಯರು ಸಮಾಜ ಎನ್ನುವುದು ವಾಡಿಕೆ. ಇಲ್ಲಿ ಅದು ಅದಲುಬದಲಾಗಿದೆ. ಓದಿದ ವಿಷಯ ಇಬ್ಬರನ್ನೂ ಬೇರೆ ಬೇರೆ ದಿಕ್ಕಿಗೆ ಎಳೆದಿದೆ.

ಅಳಿಯ: ಅತ್ತೆ, ಅಂಗಡಿಯವರನ್ನು ದೂರಿ ಪ್ರಯೋಜನವಿಲ್ಲ. ಮಕ್ಕಳು ಏನನ್ನು ಕೈಗೆತ್ತಿಕೊಳ್ಳುತ್ತಾರೋ ಅದನ್ನು ಅವರು ಮಾರುತ್ತಾರೆ. ಹುಡುಗರ ಕೈ ಚಕ್ರವಿರುವ ವಸ್ತುವಿಗೆ, ಹುಡುಗಿಯರ ಕೈ ಗೊಂಬೆಗೆ ಹೋಗುವುದು ಬಹಳ ಚಿಕ್ಕ ವಯಸ್ಸಿನಲ್ಲೇ ಕಾಣಿಸುತ್ತದೆ. ಕೆಲವು ಹೆಣ್ಣುಮಕ್ಕಳಿಗೆ ತಾಯಿಯ ಹೊಟ್ಟೆಯಲ್ಲಿರುವಾಗಲೇ ಅಡ್ರಿನಲ್ ಗ್ರಂಥಿಯ ತೊಂದರೆಯಿಂದ ಆಂಡ್ರೋಜನ್ ಹಾರ್ಮೋನು ಅಳತೆ ಮೀರಿ ಸಿಗುತ್ತದೆ. ಹುಟ್ಟಿದ ಮೇಲೆ ಅವರನ್ನು ಎಲ್ಲ ಹುಡುಗಿಯರಂತೆಯೇ ಬೆಳೆಸುತ್ತಾರೆ, ಚಿಕಿತ್ಸೆಯನ್ನೂ ಕೊಡುತ್ತಾರೆ. ಆದರೂ ಆಟದ ವಿಷಯದಲ್ಲಿ ಅವರು ಬೇರೆ ಹುಡುಗಿಯರಿಗಿಂತ ಹೆಚ್ಚಾಗಿ ಹುಡುಗರ ಆಟಿಕೆಗಳ ಕಡೆ ಒಲಿಯುತ್ತಾರೆ ಎಂದು ಹಲವು ದೇಶಗಳ ಅಧ್ಯಯನಗಳು ಕಂಡುಕೊಂಡಿವೆ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವರ್ವೆಟ್ ಕೋತಿಗಳಲ್ಲಿ ಗಂಡುಗಳು ಚೆಂಡು, ಕಾರಿನ ಬಳಿ ಹೆಚ್ಚು ಹೊತ್ತು ಕಳೆದವು, ಹೆಣ್ಣುಗಳು ಗೊಂಬೆಯ ಬಳಿ. ಕೋತಿಗೆ ಹೀಗೆ ಕೂತುಕೋ, ಹಾಗೆ ನಡೆ ಎಂದು ಹೇಳಿಕೊಟ್ಟವರು ಯಾರು? ಎಲ್ಲವನ್ನೂ ಸಮಾಜದ ತಲೆಗೆ ಕಟ್ಟುವವರು ಇದಕ್ಕೆ ಉತ್ತರ ಹೇಳಬೇಕು.

ಅತ್ತೆ: ಎಲ್ಲವನ್ನೂ ಸಮಾಜದ ತಲೆಗೆ ಕಟ್ಟಬೇಕೆಂಬ ಹಟ ನನಗಿಲ್ಲ ತಮ್ಮಾ. ದೇಹಕ್ಕೆ ತನ್ನದೇ ಪಾಲಿದೆ. ಆದರೆ ನಾವು ಮಗುವನ್ನು ನೋಡುವುದೇ ಉತ್ತರ ಗೊತ್ತಾದ ಕಣ್ಣಿನಿಂದ ಎಂಬುದನ್ನು ನೀನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ. 1976ರಲ್ಲಿ ಅಮೆರಿಕದ ಕಾಂಡ್ರಿ ದಂಪತಿ ಒಂದು ಪ್ರಯೋಗ ಮಾಡಿದರು. ಪೆಟ್ಟಿಗೆಯಿಂದ ಗೊಂಬೆ ಥಟ್ಟನೆ ಮೇಲೇಳುವುದನ್ನು ಕಂಡು ಎಳೆ ಮಗುವೊಂದು ಬೆಚ್ಚಿ ಅಳುವ ಒಂದೇ ಚಿತ್ರವನ್ನು ಕಾಲೇಜಿನ ಹುಡುಗ ಹುಡುಗಿಯರಿಗೆ ತೋರಿಸಿದರು. ಕೆಲವರಿಗೆ ಅದು ಗಂಡು ಎಂದರು, ಕೆಲವರಿಗೆ ಹೆಣ್ಣು ಎಂದರು. ಗಂಡು ಎಂದು ತಿಳಿದವರಲ್ಲಿ ಹೆಚ್ಚಿನವರಿಗೆ ಆ ಅಳುವಿನಲ್ಲಿ ಸಿಟ್ಟು ಕಂಡಿತು, ಹೆಣ್ಣು ಎಂದು ತಿಳಿದವರಿಗೆ ಭಯ ಕಂಡಿತು. ಮಗು ಅದೇ, ಅಳುವೂ ಅದೇ. ಸಿಟ್ಟಿಗೆದ್ದ ಮಗುವನ್ನು ನಾವು ಸಂಭಾಳಿಸುವ ರೀತಿ ಬೇರೆ, ಹೆದರಿದ ಮಗುವನ್ನು ಅಪ್ಪಿಕೊಳ್ಳುವ ರೀತಿ ಬೇರೆ. ದಿನಕ್ಕೆ ಎಷ್ಟು ಸಲ ಇದು ನಡೆಯುತ್ತದೆ, ಎಷ್ಟು ವರ್ಷ ನಡೆಯುತ್ತದೆ ಯೋಚಿಸು. ಅಳುವ ಗಂಡಸನ್ನು ನಂಬಬಾರದು, ನಗುವ ಹೆಂಗಸನ್ನು ನಂಬಬಾರದು ಎಂಬ ಗಾದೆ ನಮ್ಮಲ್ಲಿ ಇದೆಯಲ್ಲ. ಗಂಡಸಿಗೆ ಅಳು ಬರುವುದಿಲ್ಲ, ಹೆಂಗಸಿಗೆ ನಗು ಬರುವುದಿಲ್ಲ ಎಂದು ಅದು ಹೇಳುವುದಿಲ್ಲ. ಇಬ್ಬರಿಗೂ ಬರುತ್ತದೆ, ಬಂದಾಗ ತಡೆಯಿರಿ ಎನ್ನುತ್ತದೆ. ಹುಟ್ಟಿನಿಂದಲೇ ಇಲ್ಲದ್ದನ್ನು ತಡೆಯಲು ಗಾದೆ ಬೇಕಾಗುತ್ತಿರಲಿಲ್ಲ.

ಅಳಿಯ: ಗಾದೆಗಿಂತ ಗಟ್ಟಿಯಾದ ಒಂದು ನಿಜ ಪ್ರಸಂಗ ಇದೆ. 1965ರಲ್ಲಿ ಕೆನಡಾದಲ್ಲಿ ಅವಳಿ ಗಂಡುಮಕ್ಕಳು ಹುಟ್ಟಿದರು. ಶಸ್ತ್ರಚಿಕಿತ್ಸೆಯಲ್ಲಿ ಆದ ಅನಾಹುತದಿಂದ ಒಬ್ಬನ ಜನನಾಂಗ ನಾಶವಾಯಿತು. ಗಂಡು ಹೆಣ್ಣು ಎಂಬುದು ಬೆಳೆಸುವುದರಲ್ಲಿದೆ ಎಂದು ನಂಬಿದ್ದ ಜಾನ್ ಮನಿ ಎಂಬ ತಜ್ಞರ ಸಲಹೆಯಂತೆ ಆ ಮಗುವನ್ನು ಹುಡುಗಿಯಾಗಿ ಬೆಳೆಸಿದರು. ಹುಡುಗಿಯ ಹೆಸರು, ಹುಡುಗಿಯ ಬಟ್ಟೆ, ಹಾರ್ಮೋನು, ಎಲ್ಲ ಕೊಟ್ಟರು. ಮಗುವಿಗೆ ಅದು ಒಂದು ದಿನವೂ ಒಗ್ಗಲಿಲ್ಲ. ಹದಿನಾಲ್ಕರ ವಯಸ್ಸಿನಲ್ಲಿ ಸತ್ಯ ತಿಳಿದ ಮೇಲೆ ಅವನು ಡೇವಿಡ್ ರೀಮರ್ ಎಂಬ ಗಂಡಾಗಿ ಬಾಳಲು ಹೊರಟ. 2004ರಲ್ಲಿ ಪ್ರಾಣ ಕಳೆದುಕೊಂಡ. ಬೆಳೆಸುವುದರಿಂದಲೇ ಗಂಡು ಹೆಣ್ಣಾಗುವುದಾದರೆ ಅಲ್ಲಿ ಅದು ನಡೆಯಬೇಕಿತ್ತು. ಸಮಾಜವೇ ಎಲ್ಲ ಎಂಬ ನಂಬಿಕೆ ಒಂದು ಜೀವವನ್ನು ಹಿಂಸಿಸಿತು. ಇದನ್ನು ನಾನು ಮರೆಯಲಾರೆ.

ಅತ್ತೆ: ಮರೆಯಬಾರದು ಕೂಡ. ನಾನು ಗಂಡು, ನಾನು ಹೆಣ್ಣು ಎಂಬ ಒಳಗಿನ ಅರಿವನ್ನು ಹೊರಗಿನವರು ಹೊಲಿದು ತೊಡಿಸಲು ಆಗುವುದಿಲ್ಲ. ತಮ್ಮ ಒಳಗಿನ ಅರಿವೇ ನಿಜವೆಂದು ಹೇಳುತ್ತಾ ಬಂದ ಹಿಜಡಾ ಸಮುದಾಯದವರು, ನಮ್ಮ ಕಡೆಯ ಜೋಗಪ್ಪಗಳು ಕೂಡ ಇದೇ ಮಾತಿಗೆ ಸಾಕ್ಷಿ. ಈ ಒಂದು ವಿಷಯದಲ್ಲಿ ನಿನ್ನ ಮಾತು ನಿಲ್ಲುತ್ತದೆ. ಆದರೆ ನಾನು ಕೇಳುತ್ತಿರುವುದು ಬೇರೆ. ಹೆಣ್ಣು ಎಂದು ಅರಿತ ಮಗುವಿಗೆ ಯಾವ ಕೆಲಸ, ಎಷ್ಟು ಕೂಲಿ, ಎಷ್ಟು ಗಟ್ಟಿ ದನಿ, ಎಷ್ಟು ಆಸ್ತಿ ಎಂದು ಗೊತ್ತುಮಾಡುವವರು ಯಾರು? ಆ ಗೊತ್ತುವಳಿಯನ್ನು ಹುಟ್ಟುಗುಣದ ಹೆಸರಿನಲ್ಲಿ ನಮ್ಮ ಮುಂದೆ ಇಡುತ್ತಾರೆ. ಇದನ್ನು ಪರೀಕ್ಷಿಸಲು ನನಗೆ ತಿಳಿದ ದಾರಿ ಒಂದೇ. ಗಂಡಿನ ಕೆಲಸ, ಹೆಣ್ಣಿನ ಕೆಲಸ ಎಂಬ ಗೆರೆ ಊರಿಂದೂರಿಗೆ, ಕಾಲದಿಂದ ಕಾಲಕ್ಕೆ ಎಲ್ಲಿ ಸರಿಯುತ್ತದೆ ಎಂದು ನೋಡುವುದು. ದೇಹ ಊರಿಂದೂರಿಗೆ ಬದಲಾಗುವುದಿಲ್ಲ. ಆದ್ದರಿಂದ ಗೆರೆ ಸರಿದಷ್ಟೂ ಅದನ್ನು ಎಳೆದದ್ದು ಊರು.

ಬೀಡಿಯನ್ನೇ ತೆಗೆದುಕೋ. ಈ ವಿದರ್ಭದ ಗೊಂದಿಯಾ, ಭಂಡಾರಾ ಕಡೆ ಕಾಡಿನ ಬೀಡಿ ಎಲೆ, ಬೀಡಿ ಕೆಲಸ ಎರಡೂ ಹಳೆಯವು. ನಮ್ಮ ಮಂಗಳೂರು, ಬಂಟ್ವಾಳ, ಪುತ್ತೂರಿನಲ್ಲಿ ಹೆಂಗಸರು ಮನೆಯ ಜಗಲಿಯಲ್ಲಿ ಕೂತು ಬೀಡಿ ಕಟ್ಟಿ ಸಂಸಾರ ಸಾಕಿದ್ದಾರೆ. ಯಾಕೆ ಹೆಂಗಸರೇ ಎಂದು ಕೇಳಿದರೆ ಸಿದ್ಧ ಉತ್ತರ ಬರುತ್ತದೆ: ಅವರ ಬೆರಳು ನಯ, ತಾಳ್ಮೆ ಜಾಸ್ತಿ, ಕೂತಲ್ಲೇ ಕೂರುವ ಸ್ವಭಾವ. ಅಲ್ಲಿಂದ ದಕ್ಷಿಣಕ್ಕೆ ಕಾಸರಗೋಡು ದಾಟಿ ಕಣ್ಣೂರಿಗೆ ಹೋಗು. ಹಿಂದಿನ ತಲೆಮಾರಿನಲ್ಲಿ ಅಲ್ಲಿ ಬೀಡಿ ಕಟ್ಟುತ್ತಿದ್ದವರು ಹೆಚ್ಚಾಗಿ ಗಂಡಸರು. ಸಾಲಾಗಿ ಕೂತು ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ ಸುತ್ತುತ್ತಿದ್ದರು. ಅವರಲ್ಲೇ ಒಬ್ಬ ಎಲ್ಲರಿಗೂ ಕೇಳುವಂತೆ ಪತ್ರಿಕೆ ಓದುತ್ತಿದ್ದ, ಅವನ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುತ್ತಿದ್ದರು. ಅಲ್ಲಿ ಅದು ಗಂಡಸಿನ ಕೆಲಸ, ಸಂಘ ಕಟ್ಟುವ ಕೆಲಸ, ರಾಜಕೀಯ ಕಲಿಯುವ ಪಾಠಶಾಲೆ. ಬೀಡಿ ಕಾರ್ಮಿಕರ ರಕ್ಷಣೆಗೆಂದು 1966ರಲ್ಲಿ ಬಂದ ಕಾನೂನು ಕೇರಳದಲ್ಲಿ ಜಾರಿಯಾದಾಗ ಮಂಗಳೂರಿನ ಕಂಪನಿಗಳು ಅಲ್ಲಿನ ಕೆಲಸ ನಿಲ್ಲಿಸಿದವು. ಕೆಲಸ ಕಳೆದುಕೊಂಡವರಿಗಾಗಿ 1969ರಲ್ಲಿ ದಿನೇಶ್ ಬೀಡಿ ಎಂಬ ಸಹಕಾರ ಸಂಘ ಹುಟ್ಟಿತು. ಆಮೇಲಿನ ವರ್ಷಗಳಲ್ಲಿ ಆ ಸಂಘದಲ್ಲೂ ಹೆಂಗಸರ ಸಂಖ್ಯೆ ಏರಿ ಗಂಡಸರನ್ನು ಮೀರಿತು. ನೂರೈವತ್ತು ಕಿಲೋಮೀಟರಿನ ಒಳಗೆ, ಒಂದೆರಡು ತಲೆಮಾರಿನ ಒಳಗೆ, ಬೆರಳಿನ ನಯ ಗಂಡಿನಿಂದ ಹೆಣ್ಣಿಗೆ ಹೋಗಲು ಸಾಧ್ಯವೇ? ಬೇರೆಯಾಗಿದ್ದದ್ದು ಕೆಲಸದ ಏರ್ಪಾಡು. ಕೆಲಸ ಮನೆಗೆ ಬಂದು, ಸಾವಿರ ಬೀಡಿಗೆ ಇಷ್ಟು ಎಂಬ ಮಜೂರಿಗೆ ಇಳಿದು, ಅಡುಗೆ ಮತ್ತು ಕೂಸಿನ ನಡುವೆ ಮಾಡುವ ಕೆಲಸವಾದಲ್ಲಿ ಅದು ಹೆಣ್ಣಿನ ಕೆಲಸವಾಯಿತು. ಸಂಘವಿದ್ದಲ್ಲಿ, ನಾಲ್ಕು ಜನರೆದುರು ಕೂತು ಮಾಡುವಲ್ಲಿ ಗಂಡಿನದಾಗಿತ್ತು. ಹೊಲಿಗೆಯೂ ಹಾಗೆಯೇ. ಪೇಟೆಬೀದಿಯಲ್ಲಿ ಅಂಗಡಿ ಇಟ್ಟ ದರ್ಜಿ ಗಂಡಸು, ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಸಾಲು ಯಂತ್ರದ ಮುಂದೆ ಕೂತವರು ಬಹುಪಾಲು ಹೆಂಗಸರು. ಅಡುಗೆಯೂ ಮನೆಯಲ್ಲಿ ಹೆಣ್ಣಿನದು. ಮದುವೆಮನೆಯಲ್ಲಿ, ಉಡುಪಿ ಹೋಟೆಲಿನಲ್ಲಿ, ಸಂಬಳ ಬರುವಲ್ಲೆಲ್ಲ ಅಡುಗೆ ಭಟ್ಟರದು. ಯಾವ ಹಾರ್ಮೋನು ಇದನ್ನು ವಿವರಿಸುತ್ತದೆ ಹೇಳು.

ಅಳಿಯ: ಯಾವುದೂ ವಿವರಿಸುವುದಿಲ್ಲ. ಬೀಡಿಯ ಮಾತು ಒಪ್ಪಿದೆ. ಆದರೆ ಅತ್ತೆ, ನೀವು ಹೇಳಿದ್ದು ದೊಡ್ಡವರ ಕೂಲಿಯ ಲೆಕ್ಕ. ನಾವು ಹೊರಟದ್ದು ಮಕ್ಕಳ ಮಾತಿಗೆ. ಕೂಲಿಯ ಗೆರೆ ಸರಿದಾಡಬಹುದು. ಮಗುವಿನ ಒಳಗಿನ ಆಸೆ, ಚುರುಕು, ಮುನ್ನುಗ್ಗುವ ಗುಣ ಇವು ಹಾಗೆ ಸರಿದಾಡುತ್ತವೆಯೇ? ಜಾಗ, ಆಕಾರ, ದಿಕ್ಕನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವ ಪರೀಕ್ಷೆಯಲ್ಲಿ ಗಂಡುಮಕ್ಕಳು ಸರಾಸರಿಯಾಗಿ ಮುಂದಿರುವುದು ಎಷ್ಟೋ ಕಡೆ ಕಂಡಿದೆ.

ಅತ್ತೆ: ಎಷ್ಟೋ ಕಡೆ, ಆದರೆ ಎಲ್ಲ ಕಡೆ ಅಲ್ಲ. 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ನಮ್ಮ ದೇಶದ ಈಶಾನ್ಯದಲ್ಲೇ ನಡೆದದ್ದು. ಖಾಸಿ ಜನರಲ್ಲಿ ಆಸ್ತಿ ತಾಯಿಯಿಂದ ಮಗಳಿಗೆ, ಅದರಲ್ಲೂ ಕಿರಿಯ ಮಗಳಿಗೆ ಬರುತ್ತದೆ. ಹತ್ತಿರದಲ್ಲೇ ಇರುವ ಕಾರ್ಬಿ ಜನರಲ್ಲಿ ತಂದೆಯಿಂದ ಮಗನಿಗೆ. ಎರಡೂ ಕಡೆಯವರಿಗೆ ತುಂಡು ಜೋಡಿಸಿ ಚಿತ್ರ ಮಾಡುವ ಒಂದೇ ಒಗಟು ಕೊಟ್ಟರು. ಕಾರ್ಬಿ ಗಂಡಸರು ತಮ್ಮ ಹೆಂಗಸರಿಗಿಂತ ಬೇಗ ಮುಗಿಸಿದರು. ಖಾಸಿಗಳಲ್ಲಿ ಗಂಡು ಹೆಣ್ಣಿನ ನಡುವೆ ವ್ಯತ್ಯಾಸವೇ ಕಾಣಲಿಲ್ಲ. 2009ರ ಇನ್ನೊಂದು ಅಧ್ಯಯನ ಖಾಸಿಗಳನ್ನು ಆಫ್ರಿಕಾದ ಮಸಾಯಿಗಳೊಂದಿಗೆ ಹೋಲಿಸಿತು. ಸ್ಪರ್ಧೆಗೆ ಇಳಿಯುತ್ತೀರೋ, ಸ್ಪರ್ಧೆಯಿಲ್ಲದ ಕೂಲಿ ಸಾಕೋ ಎಂದು ಕೇಳಿದಾಗ ಮಸಾಯಿಗಳಲ್ಲಿ ಗಂಡಸರು ಹೆಚ್ಚಾಗಿ ಸ್ಪರ್ಧೆಗೆ ಮುಂದಾದರು, ಖಾಸಿಗಳಲ್ಲಿ ಹೆಂಗಸರು. ಮುನ್ನುಗ್ಗುವ ಗುಣ ಗಂಡಿನ ರಕ್ತದಲ್ಲೇ ಇದ್ದಿದ್ದರೆ ಅದು ಮೇಘಾಲಯದ ಬೆಟ್ಟ ಹತ್ತುವಾಗ ಇಳಿದುಹೋಗುತ್ತಿರಲಿಲ್ಲ. ನಮ್ಮ ತುಳುನಾಡಿನ ಅಳಿಯಸಂತಾನವನ್ನು ನೆನೆ. ಮನೆತನದ ಹೆಸರು, ಆಸ್ತಿಯ ಹಕ್ಕು ಹೆಣ್ಣಿನ ಕಡೆಯಿಂದ ಇಳಿಯುತ್ತಿದ್ದ ಆ ಮನೆಗಳಲ್ಲಿ ಮಗಳು ಹುಟ್ಟಿದರೆ ವಂಶ ಬೆಳೆಯಿತು ಎನ್ನುತ್ತಿದ್ದರು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆಗೆ ಅಲ್ಲಿ ಅರ್ಥವೇ ಇರಲಿಲ್ಲ.

ಅಳಿಯ: ಆ ಒಗಟಿನ ಅಧ್ಯಯನವನ್ನು ನಾನೂ ಓದಿದ್ದೇನೆ. ವ್ಯತ್ಯಾಸದ ಸುಮಾರು ಮೂರನೇ ಒಂದು ಪಾಲಿಗೆ ಶಾಲೆಯ ಓದೇ ಕಾರಣ ಎಂದು ಅದನ್ನು ಮಾಡಿದವರೇ ಹೇಳಿದ್ದಾರೆ. ತುಳುನಾಡಿನ ಚಿತ್ರವನ್ನು ಕೂಡ ಅಷ್ಟು ಅಂದವಾಗಿ ಬಿಡಿಸಬೇಡಿ. ಹಕ್ಕು ಹೆಣ್ಣಿನ ಕಡೆಯಿಂದ ಬಂದರೂ ಬಹಳ ಮನೆಗಳಲ್ಲಿ ಯಜಮಾನಿಕೆ ನಡೆಸುತ್ತಿದ್ದವರು ಸೋದರಮಾವಂದಿರು. ಹೆಣ್ಣಿನ ಮೂಲಕ ಆಸ್ತಿ ಹರಿಯುವುದೂ ಹೆಣ್ಣಿನ ಕೈಯಲ್ಲಿ ಅಧಿಕಾರ ಇರುವುದೂ ಒಂದೇ ಅಲ್ಲ. ತಾಯಿಯ ಕಡೆಯ ಪದ್ಧತಿಯಲ್ಲೂ ಆಳ್ವಿಕೆ ಮತ್ತೆ ಮತ್ತೆ ಗಂಡಿನ ಕೈಗೇ ಬರುತ್ತದೆ ಎಂದರೆ ಅದರ ಹಿಂದೆ ಊರಿಗಿಂತ ಹಳೆಯದು ಏನೋ ಇರಬೇಕಲ್ಲ? ಹಿಂಸೆಯನ್ನು ನೋಡಿ. ಯಾವ ದೇಶದ ಜೈಲು ತೆಗೆದುಕೊಂಡರೂ ಒಳಗಿರುವವರು ಬಹುತೇಕ ಗಂಡಸರು. ನಮ್ಮ ದೇಶದ ಜೈಲುಗಳಲ್ಲಿ ಹೆಂಗಸರು ನೂರಕ್ಕೆ ಸುಮಾರು ನಾಲ್ಕು. ನಿಮ್ಮ ಗೆರೆ ಇಲ್ಲಿ ಯಾವ ಊರಿನಲ್ಲೂ ಸರಿದಿಲ್ಲ.

ಅತ್ತೆ: ಹಿಂಸೆಯ ವಿಷಯದಲ್ಲಿ ದೇಹದ ಪಾಲು ದೊಡ್ಡದೇ ಇರಬಹುದು, ನಾನು ಅಲ್ಲಗಳೆಯಲಾರೆ. ಆದರೆ ಒಂದು ದೇಶದ ಗಂಡಸರು ಇನ್ನೊಂದು ದೇಶದ ಗಂಡಸರಿಗಿಂತ ಹತ್ತಾರು ಪಟ್ಟು ಹೆಚ್ಚು ಕೊಲೆ ಮಾಡುವುದೂ ಅಷ್ಟೇ ನಿಜ. ಅವರ ದೇಹದಲ್ಲಿ ಹತ್ತು ಪಟ್ಟು ವ್ಯತ್ಯಾಸ ಇಲ್ಲ. ಗಂಡು ಹೆಣ್ಣಿನ ನಡುವಿನ ಅಂತರ ಉಳಿದರೂ ಆ ಅಂತರದಿಂದ ಎಷ್ಟು ಜನ ಸಾಯಬೇಕು ಎಂಬುದು ಊರಿನ ಕೈಯಲ್ಲಿದೆ.

ಅಳಿಯ: ಹಾಗಾದರೆ ಹುಡುಗರ ಮಾತನ್ನೂ ಆಡೋಣ. ಈ ವಿಷಯ ಬಂದಾಗಲೆಲ್ಲ ಹೆಣ್ಣುಮಕ್ಕಳ ನಷ್ಟವನ್ನೇ ಎಣಿಸುತ್ತಾರೆ. 2022ರಲ್ಲಿ ನಮ್ಮ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರು 1,70,924 ಜನ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕ ಕೊಟ್ಟಿದೆ. ಅವರಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಗಂಡಸರು. ಈ ವಿದರ್ಭದ ಯವತ್ಮಾಳ, ಅಮರಾವತಿ, ವರ್ಧಾ ಕಡೆ ಹತ್ತಿ ಬೆಳೆದು ಸಾಲಕ್ಕೆ ಸಿಕ್ಕಿ ಸತ್ತವರನ್ನು ನೋಡಿ. ಸಾಲದ ಚಿಂತೆಯನ್ನು ಹೆಂಡತಿಯೆದುರು ಕೂಡ ಬಾಯಿ ಬಿಡದೆ ಹೋದವರೆಷ್ಟು ಜನ! ಮನೆ ನಡೆಸುವ ಹೊಣೆ, ಅಳಬಾರದೆಂಬ ಕಟ್ಟಳೆ, ಸಹಾಯ ಕೇಳಿದರೆ ಗಂಡಸ್ತನಕ್ಕೆ ಕುಂದು ಎಂಬ ಹೆದರಿಕೆ, ಇವೂ ನೀವು ಹೇಳುವ ಊರಿನದೇ ಪಾಲು.

ಅತ್ತೆ: ಇದನ್ನು ನೀನು ಹೇಳಿದ್ದು ನನಗೆ ಸಮಾಧಾನ. ಗಂಡುಮಗುವನ್ನು ಹೀಗೆ ಬೆಳೆಸುವುದರಿಂದ ಅವನಿಗೂ ಒಳ್ಳೆಯದಾಗಿಲ್ಲ. ಆದರೆ ಅದೇ ಹೊಲದ ಇನ್ನೊಂದು ಮುಖವನ್ನೂ ನೋಡು. ಆ ರೈತ ಹೋದ ಮೇಲೆ ಅದೇ ಹೊಲವನ್ನು ಉಳುವುದು, ಬಿತ್ತುವುದು, ಸಾಲ ಕೊಟ್ಟವರಿಗೆ ಉತ್ತರ ಹೇಳುವುದು ಅವನ ಹೆಂಡತಿ. ನಿನ್ನೆಯವರೆಗೆ ಅವಳಿಗೆ ವ್ಯವಹಾರ ತಿಳಿಯುವುದಿಲ್ಲ ಎನ್ನುತ್ತಿದ್ದರು. ಅವನ ಸಾವಿನ ಮರುದಿನ ಎಲ್ಲ ವ್ಯವಹಾರ ಅವಳ ತಲೆಗೆ ಬರುತ್ತದೆ, ಅವಳು ಮಾಡಿಯೂ ತೋರಿಸುತ್ತಾಳೆ. ಹೊಲ ಮಾತ್ರ ಅವಳ ಹೆಸರಿನಲ್ಲಿ ಇರುವುದಿಲ್ಲ. 2015-16ರ ಕೃಷಿ ಗಣತಿಯ ಪ್ರಕಾರ ದೇಶದ ಸಾಗುವಳಿ ಹಿಡುವಳಿಗಳಲ್ಲಿ ಹೆಂಗಸರವು ನೂರಕ್ಕೆ ಸುಮಾರು ಹದಿನಾಲ್ಕು. ಕಳೆ ಕೀಳುವ, ನಾಟಿ ಹಾಕುವ, ಹತ್ತಿ ಬಿಡಿಸುವ ಕೈಗಳಲ್ಲಿ ಹೆಂಗಸರ ಕೈ ಎಷ್ಟು ಎಂದು ಹೊಲ ನೋಡಿದವರಿಗೆ ಹೇಳಬೇಕಿಲ್ಲ.

ಇಲ್ಲಿ ಮಾತು ಒಂದು ತಿರುವಿಗೆ ಬಂದಿದೆ. ಇಬ್ಬರೂ ಒಪ್ಪಿದ ಸಂಗತಿಗಳು ಈಗ ಸಾಕಷ್ಟಿವೆ: ಒಳಗಿನ ಅರಿವಿನಲ್ಲಿ ಹುಟ್ಟಿನ ಪಾಲು ದೊಡ್ಡದು, ಕೆಲಸ ಮತ್ತು ಕೂಲಿಯಲ್ಲಿ ಊರಿನ ಪಾಲು ದೊಡ್ಡದು. ಉಳಿದಿರುವ ಜಗಳ ಆಸೆಯದು. ಒಂದು ಹುಡುಗಿ ತಾನಾಗಿಯೇ ಬಯಸುವುದು ಎಷ್ಟರಮಟ್ಟಿಗೆ ಅವಳದು? ಈ ಪ್ರಶ್ನೆಯೇ ಎಲ್ಲಕ್ಕಿಂತ ಕಷ್ಟದ್ದು ಎಂದು ನನ್ನ ಅಭಿಪ್ರಾಯ. ಬಲವಂತವನ್ನು ತೋರಿಸುವುದು ಸುಲಭ. ಒಪ್ಪಿಗೆಯ ಒಳಗೆ ಸೇರಿಕೊಂಡ ಬಲವಂತವನ್ನು ತೋರಿಸುವುದು ಸುಲಭವಲ್ಲ.

ಅಳಿಯ: ಹೆಣ್ಣುಮಕ್ಕಳಿಗೆ ಹೆಚ್ಚು ಸಮಾನತೆ ಇದೆ ಎನ್ನುವ ಸ್ವೀಡನ್, ನಾರ್ವೆ, ಫಿನ್‌ಲೆಂಡ್‌ಗಳಲ್ಲಿ ಎಂಜಿನಿಯರಿಂಗ್, ಕಂಪ್ಯೂಟರ್ ಓದಲು ಹುಡುಗಿಯರು ಬರುವುದು ಕಡಿಮೆ. ನಮ್ಮಲ್ಲಿ ವಿಜ್ಞಾನ, ತಂತ್ರಜ್ಞಾನ, ಗಣಿತದ ಪದವೀಧರರಲ್ಲಿ ನೂರಕ್ಕೆ ಸುಮಾರು ನಲವತ್ತಮೂರು ಹೆಣ್ಣುಮಕ್ಕಳು. ಊರಿನ ಒತ್ತಡವೇ ಕಾರಣವಾಗಿದ್ದರೆ ಲೆಕ್ಕ ತಲೆಕೆಳಗಾಗಬೇಕಿತ್ತು. ಹೊಟ್ಟೆಪಾಡಿನ ಭಯ ಕಡಿಮೆಯಾದಾಗ ಜನ ತಮ್ಮ ಒಲವಿನ ಕಡೆ ಹೋಗುತ್ತಾರೆ, ಆ ಒಲವು ಗಂಡಿಗೂ ಹೆಣ್ಣಿಗೂ ಸ್ವಲ್ಪ ಬೇರೆ ಎಂದು ಕೆಲವು ಸಂಶೋಧಕರು ವಾದಿಸುತ್ತಾರೆ. ಆ ವಾದಕ್ಕೂ ಟೀಕೆಗಳಿವೆ, ನನಗೆ ಗೊತ್ತು. ಆದರೂ ಅದನ್ನು ಪಕ್ಕಕ್ಕೆ ತಳ್ಳಲು ನಾನು ಸಿದ್ಧನಿಲ್ಲ.

ಅತ್ತೆ: ತಳ್ಳಬೇಡ. ಆದರೆ ಅದರಿಂದ ಇನ್ನೊಂದು ಸಂಗತಿಯೂ ಸಿದ್ಧವಾಗುತ್ತದೆ. ಹುಡುಗಿಯರ ತಲೆಗೆ ಗಣಿತ ಹತ್ತುವುದಿಲ್ಲ ಎಂಬ ಮಾತು ನಮ್ಮ ದೇಶದ ನಲವತ್ತಮೂರರ ಮುಂದೆ ನಿಲ್ಲುವುದಿಲ್ಲ. ಹುಡುಗಿಗೆ ಎಂಜಿನಿಯರಿಂಗ್ ಒಳ್ಳೆಯ ನೌಕರಿ, ಒಳ್ಳೆಯ ಸಂಬಂಧ ಎಂದು ಮನೆಯವರು ಲೆಕ್ಕ ಹಾಕಿದ ಕೂಡಲೇ ಅವಳ ತಲೆಗೆ ಅದು ಹತ್ತಿತು. ಅಮೆರಿಕದಲ್ಲಿ ಕಂಪ್ಯೂಟರ್ ಪದವಿ ಪಡೆದವರಲ್ಲಿ 1984ರ ಸುಮಾರಿಗೆ ನೂರಕ್ಕೆ ಮೂವತ್ತೇಳರಷ್ಟು ಹೆಂಗಸರಿದ್ದರು, ಆಮೇಲೆ ಅದು ಇಪ್ಪತ್ತಕ್ಕಿಂತ ಕೆಳಗೆ ಇಳಿಯಿತು. ಅಲ್ಲಿನ ಹೆಂಗಸರ ಮಿದುಳು ಆ ನಡುವೆ ಬದಲಾಗಲಿಲ್ಲ. ಮನೆಗೆ ಬಂದ ಕಂಪ್ಯೂಟರನ್ನು ಹುಡುಗರ ಆಟಿಕೆ ಎಂದು ಮಾರಿದ್ದು ಅದೇ ಕಾಲದಲ್ಲಿ. ಇನ್ನು ನಮ್ಮ ನಲವತ್ತಮೂರು ಜನ ಪದವಿಯ ನಂತರ ಎಲ್ಲಿಗೆ ಹೋಗುತ್ತಾರೆ ಎಂದು ಕೇಳು. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಅದರಲ್ಲಿ ಕಳೆಯುವುದು 299 ನಿಮಿಷ, ಮನೆಗೆಲಸ ಮಾಡುವ ಗಂಡಸರು 97 ನಿಮಿಷ. ಆ 299 ನಿಮಿಷ ಹೆಗಲ ಮೇಲಿರುವಾಗ ಅವಳ ಒಲವು ಯಾವ ಕಡೆ ಎಂದು ತಿಳಿಯುವ ಅವಕಾಶ ಎಲ್ಲಿದೆ?

ಆಸೆ ಬದಲಾಗುವುದನ್ನು ಅಳೆದವರೂ ಇದ್ದಾರೆ. ಪಶ್ಚಿಮ ಬಂಗಾಳದಲ್ಲಿ ಪಂಚಾಯ್ತಿ ಅಧ್ಯಕ್ಷ ಸ್ಥಾನ ಹೆಂಗಸರಿಗೆ ಮೀಸಲಾದ ಊರುಗಳನ್ನು ನೋಡಿ 2012ರಲ್ಲಿ ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೊ ಮತ್ತು ಜೊತೆಗಾರರು ವರದಿ ಪ್ರಕಟಿಸಿದರು. ಎರಡು ಅವಧಿಗೆ ಹೆಂಗಸು ಅಧ್ಯಕ್ಷೆಯಾಗಿದ್ದ ಊರುಗಳಲ್ಲಿ ಮಗ ಮತ್ತು ಮಗಳ ಬಗ್ಗೆ ತಂದೆತಾಯಿಗೆ ಇದ್ದ ಆಸೆಗಳ ನಡುವಿನ ಅಂತರ ಕುಗ್ಗಿತ್ತು, ಹದಿಹರೆಯದ ಮಕ್ಕಳದೇ ಆಸೆಗಳಲ್ಲಿ ನೂರಕ್ಕೆ 32ರಷ್ಟು. ಓದಿನಲ್ಲಿ ಹುಡುಗ ಹುಡುಗಿಯರ ಅಂತರ ಅಳಿಸಿಹೋಗಿತ್ತು. ಊರಿಗೆ ಹೊಸ ಶಾಲೆ ಬಂದಿರಲಿಲ್ಲ, ಹುಡುಗಿಯರಿಗೆ ಹೊಸ ನೌಕರಿಯೂ ಬಂದಿರಲಿಲ್ಲ. ಕಟ್ಟೆಯ ಮೇಲೆ ಕೂತು ಊರಿನ ತೀರ್ಮಾನ ಮಾಡುವ ಹೆಂಗಸು ಕಣ್ಣಿಗೆ ಬಿದ್ದಿದ್ದಳು. ಈ ದಾರಿಯಲ್ಲಿ ಕರ್ನಾಟಕ ಮೊದಲಿಗರಲ್ಲಿ ಒಂದು. 1987ರ ಮಂಡಲ ಪಂಚಾಯ್ತಿ ಚುನಾವಣೆಯಲ್ಲೇ ಹೆಂಗಸರಿಗೆ ನೂರಕ್ಕೆ ಇಪ್ಪತ್ತೈದು ಸ್ಥಾನ ಮೀಸಲಿತ್ತು.

ಅಳಿಯ: ಹೆಂಡತಿಯ ಹೆಸರಿನಲ್ಲಿ ಆಡಳಿತ ನಡೆಸುವ ಗಂಡಂದಿರನ್ನು ಮರೆಯಬೇಡಿ. ಇಲ್ಲಿ ಅವರಿಗೆ ಸರಪಂಚ ಪತಿ ಎಂಬ ಹೆಸರೇ ಇದೆ. ಇನ್ನೂ ಒಂದು ಮಾತು, ಅತ್ತೆ. ಕಾಲು ಮಡಿಸಿ ಕೂರು, ಮೆಲ್ಲಗೆ ಮಾತಾಡು, ಅಣ್ಣನಿಗೆ ಮೊದಲು ಬಡಿಸು ಎಂದು ಹುಡುಗಿಗೆ ಹೇಳುವವರು ಹೆಚ್ಚಾಗಿ ಅಜ್ಜಿ, ಅಮ್ಮ, ಅತ್ತೆಯರು. ಊರು ಎಂದು ನೀವು ಬೊಟ್ಟು ಮಾಡುವ ಊರಿನ ಬಾಯಿ ಹೆಂಗಸಿನದೇ.

ಅತ್ತೆ: ನಿಜ, ಮತ್ತು ಅದು ನೋವಿನ ನಿಜ. ಹಾಗೆ ಹೇಳುವವಳ ಮುಪ್ಪಿನ ಆಸರೆ ಮಗ. ಸೊಸೆಯ ಮೇಲಿನ ಅಧಿಕಾರವೊಂದೇ ಅವಳು ಜೀವಮಾನದಲ್ಲಿ ಕಂಡ ಅಧಿಕಾರ. ಅಂಥವಳು ಗೆರೆ ಕಾಯದೆ ಇನ್ನೇನು ಮಾಡಿಯಾಳು? ಅವಳನ್ನು ಬೈದು ಮುಗಿಸುವುದಕ್ಕಿಂತ ಅವಳ ಆಸರೆ ಬೇರೆ ಕಡೆ ಬೇರು ಬಿಡುವಂತೆ ಮಾಡಬೇಕು. ಮೆಲ್ಲಗೆ ಮಾತಾಡು ಎನ್ನುವ ಈ ನಾಜೂಕಿನ ಪಾಠ ಕೂಡ ಎಲ್ಲ ಹೆಣ್ಣುಮಕ್ಕಳಿಗೆ ಒಂದೇ ಅಲ್ಲ. ಇದೇ ನಾಗಪುರದಲ್ಲಿ ಶಿಕ್ಷಕಿಯಾಗುವ ಮೊದಲು ಜಾಯಿಬಾಯಿ ಚೌಧರಿ ತಲೆಮೇಲೆ ಸಾಮಾನು ಹೊತ್ತು ಕೂಲಿ ಮಾಡಿದರು. ದಲಿತ ಹೆಂಗಸೊಬ್ಬಳು ಹೊರೆ ಹೊತ್ತಾಗ ಹೆಣ್ಣಿನ ದೇಹ ಮೃದು ಎಂದು ಯಾರೂ ತಡೆಯಲಿಲ್ಲ. ಅವರು ಪಾಠ ಹೇಳಲು ನಿಂತಾಗ ತಡೆದರು. ಆಮೇಲೆ 1920ರ ದಶಕದಲ್ಲಿ ಅವರು ಹುಡುಗಿಯರಿಗಾಗಿ ತಾವೇ ಶಾಲೆ ತೆರೆದರು. ಹೆಣ್ಣಿನ ಸ್ವಭಾವ ಎಂಬುದು ಜಾತಿಯ ಗಡಿ ದಾಟುವಾಗ ಬದಲಾಗುವುದಾದರೆ ಅದು ಸ್ವಭಾವ ಹೇಗಾದೀತು? 1942ರ ಜುಲೈ 20ರಂದು ಇದೇ ಊರಿನಲ್ಲಿ ಸುಲೋಚನಾಬಾಯಿ ಡೋಂಗ್ರೆ ಅವರ ಅಧ್ಯಕ್ಷತೆಯಲ್ಲಿ ದಲಿತ ಮಹಿಳೆಯರ ಸಮ್ಮೇಳನ ನಡೆಯಿತು. ಸಾವಿರಾರು ಹೆಂಗಸರು ಸೇರಿದ್ದರು, ಅಂಬೇಡ್ಕರ್ ಬಂದು ಮಾತಾಡಿದರು. ಒಂದು ಸಮುದಾಯ ಎಷ್ಟು ಮುಂದೆ ಬಂದಿದೆ ಎಂಬುದನ್ನು ಅದರ ಹೆಣ್ಣುಮಕ್ಕಳ ಪ್ರಗತಿಯಿಂದ ಅಳೆಯುತ್ತೇನೆ ಎಂದವರು ಅಲ್ಲಿ ಹೇಳಿದರು. ಸಭೆ ವಿಚ್ಛೇದನದ ಹಕ್ಕು ಕೇಳಿತು, ಒಬ್ಬನಿಗೆ ಹಲವು ಹೆಂಡತಿಯರು ಕೂಡದೆಂದಿತು, ಗಿರಣಿಯಲ್ಲಿ ದುಡಿಯುವವರಿಗೆ ರಜೆ ಕೇಳಿತು, ಶಾಸನಸಭೆಯಲ್ಲಿ ಸ್ಥಾನ ಕೇಳಿತು. ಹಿಂದೂ ವಿವಾಹ ಕಾಯಿದೆ ಬರುವುದಕ್ಕೆ ಆಗ ಇನ್ನೂ ಹದಿಮೂರು ವರ್ಷ ಇತ್ತು. ಬಾಯಿ ಬಿಡದಿರುವುದೇ ಹೆಣ್ಣಿನ ಗುಣ ಎಂದು ನಂಬಿದವರು ಆ ಠರಾವುಗಳನ್ನು ಓದಬೇಕು.

ಅಳಿಯ: ಕಾನೂನಿನ ಮಾತು ಬಂದದ್ದರಿಂದ ನನ್ನ ಕೊನೆಯ ಆಕ್ಷೇಪ ಹೇಳುತ್ತೇನೆ. ಮಹಾರಾಷ್ಟ್ರ, ಕರ್ನಾಟಕ ಎರಡೂ 1994ರಲ್ಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು ಎಂದು ತಿದ್ದುಪಡಿ ಮಾಡಿದವು. ದೇಶಕ್ಕೆಲ್ಲ ಅದು ಬಂದದ್ದು 2005ರಲ್ಲಿ. ಈ ಎರಡು ರಾಜ್ಯಗಳನ್ನೇ ನೋಡಿದ ಒಂದು ಅಧ್ಯಯನ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೆ ಭೂಮಿ ಸಿಗುವುದು ಹೆಚ್ಚಿತು, ಓದು ಹೆಚ್ಚಿತು, ಮದುವೆಯ ವಯಸ್ಸು ಮುಂದೆ ಹೋಯಿತು ಎಂದಿತು. ನೀವು ಅದನ್ನು ಹೇಳುವಿರೆಂದು ಗೊತ್ತು. ಆದರೆ 2020ರಲ್ಲಿ ಬಂದ ಇನ್ನೊಂದು ಅಧ್ಯಯನ, ಇಂಥ ತಿದ್ದುಪಡಿಗಳು ಬಂದ ರಾಜ್ಯಗಳಲ್ಲಿ ಗಂಡುಮಗುವಿನ ಮೋಹ ಇನ್ನಷ್ಟು ಬಿಗಿಯಾಯಿತು, ಹೆಣ್ಣುಶಿಶುಗಳ ಉಳಿವಿಗೆ ಅಪಾಯ ಹೆಚ್ಚಿತು ಎಂದು ತೋರಿಸಿದೆ. ಮಗಳಿಗೆ ಪಾಲು ಹೋಗುತ್ತದೆ ಎಂದು ಮಗಳನ್ನೇ ಬೇಡವೆಂದರು. ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 2011ರ ಜನಗಣತಿಯಲ್ಲಿ ಮಹಾರಾಷ್ಟ್ರದಲ್ಲಿ ಇದ್ದದ್ದು 894 ಹೆಣ್ಣುಮಕ್ಕಳು. ಊರು ಮಾಡಿದ್ದನ್ನು ಊರೇ ಬಿಡಿಸಬಹುದು ಎಂಬ ನಿಮ್ಮ ಭರವಸೆ ನನಗೆ ಅಷ್ಟು ಸರಾಗವಾಗಿ ಬರುವುದಿಲ್ಲ. ಊರು ಮಾಡಿದ ಗಂಟು ಹುಟ್ಟಿನ ಗಂಟಿಗಿಂತ ಬಿಗಿಯಾಗಿರಬಹುದು.

ಅತ್ತೆ: ಬಿಗಿಯಾಗಿದೆ. ಸಮಾಜ ಮಾಡಿದ್ದೆಂದ ಮಾತ್ರಕ್ಕೆ ಅದು ಸಡಿಲವೆಂದು ನಾನು ಯಾವತ್ತೂ ತಿಳಿದಿಲ್ಲ. ಆದರೆ ಆ ಅಧ್ಯಯನ ಹುಟ್ಟುಗುಣಕ್ಕೆ ಸಾಕ್ಷಿ ಹೇಳುವುದಿಲ್ಲವಲ್ಲ, ಆಸ್ತಿಯ ಭಯಕ್ಕೆ ಹೇಳುತ್ತದೆ. ಮಗಳ ಪಾಲು ಅಂದರೆ ಬೇರೆ ಮನೆಗೆ ಹೋಗುವ ಪಾಲು ಎಂದು ಎಣಿಸುವವರೆಗೆ ಆ ಭಯ ಹೋಗದು. ಕಾನೂನು ಬಂದ ಮೇಲೂ ತವರಿನಲ್ಲಿ ನಡೆಯುವುದೇನು? ಅಣ್ಣತಮ್ಮಂದಿರು ಕಾಗದ ಮುಂದಿಡುತ್ತಾರೆ. ಇಲ್ಲಿ ಅದಕ್ಕೆ ಹಕ್ಕಸೋಡ ಪತ್ರ, ನಮ್ಮ ಕಡೆ ಹಕ್ಕು ಬಿಡುಗಡೆ ಪತ್ರ. ಅರಿಶಿನ ಕುಂಕುಮಕ್ಕೆ ಇಷ್ಟು ಎಂದು ಕೊಟ್ಟು ಸಹಿ ಹಾಕಿಸುತ್ತಾರೆ. ಸಹಿ ಹಾಕದಿದ್ದರೆ ತವರಿನ ಬಾಗಿಲು ಮುಚ್ಚೀತೆಂದು ಅವಳು ಹಾಕುತ್ತಾಳೆ. ನೋಡಿದವರು ಹೆಣ್ಣುಮಕ್ಕಳಿಗೆ ಆಸ್ತಿಯ ಆಸೆಯೇ ಇಲ್ಲ, ಅದು ಅವರ ತ್ಯಾಗಗುಣ ಎಂದು ಹೊಗಳುತ್ತಾರೆ. ಬೇರೆ ದಾರಿ ಇಲ್ಲದವಳು ಮಾಡಿದ್ದಕ್ಕೆ ಗುಣ ಎಂದು ಹೆಸರಿಡುವುದನ್ನು ನಾನು ಒಪ್ಪಲಾರೆ.

ಅಳಿಯ: ಆ ಹೆಸರನ್ನು ನಾನೂ ಒಪ್ಪುವುದಿಲ್ಲ. ಆದರೆ ಪಾಲು, ಓದು, ಸಮಯ ಎಲ್ಲ ಸರಿಸಮ ಸಿಕ್ಕ ಮೇಲೂ ಹುಡುಗ ಹುಡುಗಿಯರ ಒಲವಿನಲ್ಲಿ ಏನೋ ಒಂದು ಅಂತರ ಉಳಿಯುತ್ತದೆ ಎಂದೇ ನನ್ನ ಎಣಿಕೆ. ಅದನ್ನು ಕೀಳು ಮೇಲು ಎಂದು ತೂಗುವುದು ತಪ್ಪು, ಇಲ್ಲವೆನ್ನುವುದೂ ತಪ್ಪು.

ಅತ್ತೆ: ಉಳಿದರೆ ಉಳಿಯಲಿ, ಅದಕ್ಕೆ ನನ್ನ ತಕರಾರಿಲ್ಲ. ಸರಿಸಮ ಕೊಟ್ಟ ಮೇಲೆ ಏನು ಉಳಿಯುತ್ತದೆ ಎಂದು ನೋಡೋಣ. ಕೊಡುವ ಮೊದಲೇ ಉಳಿಯುವುದರ ಲೆಕ್ಕ ಹೇಳುವುದಕ್ಕೆ ಮಾತ್ರ ನನ್ನ ವಿರೋಧ.

ಇಬ್ಬರ ಮಾತೂ ಇಲ್ಲಿಗೆ ನಿಲ್ಲುತ್ತದೆ, ಪ್ರಶ್ನೆ ನಿಲ್ಲುವುದಿಲ್ಲ. ಅಳಿಯನ ಎಣಿಕೆ ಸರಿಯೋ ತಪ್ಪೋ ಎಂದು ತೀರ್ಮಾನಿಸಲು ಬೇಕಾದ ಸಮಾಜ ಇನ್ನೂ ಎಲ್ಲೂ ಪೂರ್ತಿ ಆಗಿಲ್ಲ. ಅಲ್ಲಿಯವರೆಗೆ ಓದುಗರಲ್ಲಿ ಒಂದು ಕೋರಿಕೆ. ಮನೆಯಲ್ಲಿ ಜಮೀನಿದ್ದರೆ ಕರ್ನಾಟಕದವರು ಪಹಣಿಯನ್ನು, ಮಹಾರಾಷ್ಟ್ರದವರು ಸಾತ್‌ಬಾರಾವನ್ನು ತೆಗೆದು ನೋಡಿ. ಮಗಳ ಹೆಸರು ಅದರಲ್ಲಿ ಇಲ್ಲದಿದ್ದರೆ, ಯಾಕಿಲ್ಲ ಎಂದು ಅವಳೆದುರೇ ಕೇಳಿ. ಹಕ್ಕು ಬಿಡುಗಡೆಯ ಕಾಗದ ಸಿದ್ಧವಾಗುತ್ತಿದ್ದರೆ ಅದನ್ನು ನಿಲ್ಲಿಸಿ.